ಹೊಸ ಊರಲ್ಲಿ ಒಂಟಿಯಾಗಿದ್ದಾಗ ನೋಡೋಕೆ, ಸ್ನೇಹದ ಬಗ್ಗೆ ಒಂದು ಶಾಂತ ಸಿನಿಮಾ ಹೇಳ್ತೀರಾ?

ಕೆಲಸಕ್ಕೆ ಅಂತ ಹುಬ್ಬಳ್ಳಿಗೆ ಬಂದಿದ್ದೀರಿ, ಪರಿಚಯದವರು ಯಾರೂ ಇಲ್ಲ, ಹೊಡೆದಾಟ ಪ್ರೇಮಕಥೆ ಎರಡೂ ಬೇಡ ಅಂತ ಬರೆದಿದ್ದೀರಿ. ಹಾಗಾದರೆ ‘ದಿ ಸ್ಟೇಷನ್ ಏಜೆಂಟ್’ ನೋಡಿ. 2003ರ ಇಂಗ್ಲಿಷ್ ಸಿನಿಮಾ, ಟಾಮ್ ಮೆಕಾರ್ಥಿ ನಿರ್ದೇಶಿಸಿದ್ದು. ಒಂದೂವರೆ ಗಂಟೆ ಅಷ್ಟೇ.

ಫಿನ್ ಹುಟ್ಟಿನಿಂದಲೇ ತೀರಾ ಗಿಡ್ಡ. ಪೀಟರ್ ಡಿಂಕ್ಲೇಜ್ ಈ ಪಾತ್ರ ಮಾಡಿದ್ದಾರೆ. ರೈಲು ಅಂದರೆ ಅವನಿಗೆ ಪ್ರಾಣ. ಕೆಲಸ ಮಾಡುತ್ತಿದ್ದ ಮಾದರಿ ರೈಲಿನ ಅಂಗಡಿಯ ಮಾಲೀಕ ತೀರಿಕೊಂಡಾಗ, ನ್ಯೂಜೆರ್ಸಿಯ ಹಳ್ಳಿಯೊಂದರ ಪಾಳುಬಿದ್ದ ನಿಲ್ದಾಣ ಇವನ ಪಾಲಿಗೆ ಬರುತ್ತದೆ. ಎಲ್ಲಿ ಹೋದರೂ ಜನ ತಿರುಗಿ ನೋಡುತ್ತಾರೆ, ನಗುತ್ತಾರೆ. ಒಬ್ಬಳಂತೂ ಕೇಳದೆಯೇ ಫೋಟೋ ತೆಗೆದುಬಿಡುತ್ತಾಳೆ. ಅದಕ್ಕೇ ಯಾರ ಸಹವಾಸವೂ ಬೇಡ ಅಂತ ಅಲ್ಲಿ ಹೋಗಿ ಇರುತ್ತಾನೆ.

ಆದರೆ ನಿಲ್ದಾಣದ ಪಕ್ಕದಲ್ಲೇ ಜೋನ ಕಾಫಿ-ತಿಂಡಿ ಗಾಡಿ! ಕಾಯಿಲೆ ಬಿದ್ದ ಅಪ್ಪನ ಗಾಡಿ ಅದು. ನಮ್ಮಲ್ಲಿ ಗಿರ್ಮಿಟ್ ಗಾಡಿಯವರು ಎರಡನೇ ದಿನಕ್ಕೇ ‘ಯಾವೂರ್ರೀ ನಿಮ್ದು?’ ಅಂತ ಶುರು ಮಾಡುತ್ತಾರಲ್ಲ, ಥೇಟ್ ಹಾಗೆ ಇವನೂ. ಏನಾದರೂ ಮಾಡೋದಿದ್ದರೆ ನಾನೂ ಬರಲಾ ಅನ್ನುತ್ತಾನೆ. ಏನೂ ಇಲ್ಲ ಅಂದರೂ, ಇದ್ದರೆ ಕರೀರಿ ಅನ್ನುತ್ತಾನೆ. ಮೂರನೆಯವಳು ಒಲಿವಿಯಾ, ಮಗನನ್ನು ಕಳೆದುಕೊಂಡ ಚಿತ್ರಕಲಾವಿದೆ. ಎರಡು ಸಲ ಅವಳ ಕಾರು ಫಿನ್ ಮೇಲೆ ಹರಿಯೋದು ಸ್ವಲ್ಪದರಲ್ಲಿ ತಪ್ಪುತ್ತದೆ. ಪರಿಚಯ ಆಗೋದೇ ಹಾಗೆ.

ಇವರು ಮಾಡೋದೇನು? ಹಳಿಗುಂಟ ನಡೆಯುತ್ತಾರೆ, ಸುಮ್ನೆ ಕೂರುತ್ತಾರೆ. ಒಲಿವಿಯಾ ಕ್ಯಾಮೆರಾ ಕೊಟ್ಟ ಮೇಲೆ, ಓಡುವ ರೈಲಿನ ಜೊತೆಜೊತೆಗೆ ಜೋ ಗಾಡಿ ಓಡಿಸುತ್ತಾನೆ, ಫಿನ್ ಚಿತ್ರ ಹಿಡಿಯುತ್ತಾನೆ. ಅಲ್ಲಿ ಅವನ ಮುಖ ನೋಡಿ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಮನುಷ್ಯ ಇವನೇನಾ ಅನ್ನಿಸುತ್ತದೆ. ಯಾರೂ ಯಾರಿಗೂ ಬುದ್ಧಿ ಹೇಳುವುದಿಲ್ಲ. ಯಾರ ದುಃಖವೂ ಪೂರ್ತಿ ಹೋಗುವುದಿಲ್ಲ. ನಡುವೆ ಮೂವರೂ ದೂರವಾಗುತ್ತಾರೆ ಕೂಡ. ನನಗೆ ಈ ಸಿನಿಮಾ ಇಷ್ಟವಾಗಿದ್ದೇ ಈ ಪ್ರಾಮಾಣಿಕತೆಗೆ. ಜೋ ದಿನಾ ಬಂದು ಕರೆಯುತ್ತಾನೆ, ಒಂದಿನ ಫಿನ್ ಬೇಡ ಅನ್ನುವುದನ್ನು ನಿಲ್ಲಿಸುತ್ತಾನೆ. ಸ್ನೇಹ ಶುರುವಾಗಲು ಅಷ್ಟು ಸಾಕಾಗುತ್ತದೆ.

ವೇಗ ಕಮ್ಮಿ, ಅದು ನಿಜ. ದಣಿದು ಬಂದ ರಾತ್ರಿ ಬೇಡ, ರಜೆಯ ದಿನ ನೋಡಿ. ರೈಲಿನ ಹುಚ್ಚು ಹಿಡಿದರೆ ಗದಗ ರಸ್ತೆಯಲ್ಲಿ 2020ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಇದೆ. ಆಫೀಸಿನಲ್ಲಿ ಯಾರಾದರೂ ‘ಬರ್ರೀ, ಚಾ ಕುಡಿಯೋಣು’ ಅಂತ ಕರೆದಿದ್ದರೆ, ಮೊದಲು ಅವರನ್ನೇ ಅಲ್ಲಿಗೆ ಕರೆದು ನೋಡಿ.