ತಂತಿ ಉದ್ದವಾದರೆ ಐ-ಟು-ಸಿ ಸೆನ್ಸರ್ ಕೈಕೊಡುವುದೇಕೆ?

ಪ್ರಶ್ನೆ: ಅಣಬೆ ಕೋಣೆಯ ತೇವಾಂಶ ಅಳೆಯಲು ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿಗೆ ಬಿಎಂಇ280 ಸೆನ್ಸರ್ ಮತ್ತು ಸಣ್ಣ ಓಎಲ್‌ಇಡಿ ಪರದೆ ಜೋಡಿಸಿದ್ದೇನೆ. ಬ್ರೆಡ್‌ಬೋರ್ಡ್ ಮೇಲೆ ಎಲ್ಲ ಸರಿಯಿತ್ತು. ಸೆನ್ಸರನ್ನು ಮೂರು ಮೀಟರ್ ರಿಬ್ಬನ್ ಕೇಬಲ್‌ನಲ್ಲಿ ಕೋಣೆಯೊಳಗೆ ಇಟ್ಟ ಮೇಲೆ ಆಗಾಗ ರೀಡಿಂಗ್ ಬರುವುದಿಲ್ಲ. ಕೆಲವೊಮ್ಮೆ ರೀಸೆಟ್ ಒತ್ತಿದರೂ ಏಳದು, ಪವರ್ ತೆಗೆದು ಹಾಕಬೇಕು. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಸೆನ್ಸರ್ ಬದಲಿಸಲು ಹೋಗಬೇಡಿ, ಮೊದಲು ಕೇಬಲ್ ಮತ್ತು ಪುಲ್-ಅಪ್ ರೆಸಿಸ್ಟರ್ ನೋಡಿ. ಐ-ಟು-ಸಿ ಎಂದರೆ ಚಿಪ್‌ಗಳು ಎರಡೇ ತಂತಿಗಳಲ್ಲಿ ಮಾತಾಡುವ ವಿಧಾನ: ಡೇಟಾಗೆ ಎಸ್‌ಡಿಎ, ಕ್ಲಾಕ್‌ಗೆ ಎಸ್‌ಸಿಎಲ್. ಇದರಲ್ಲಿ ಚಿಪ್‌ಗಳು ತಂತಿಯ ವೋಲ್ಟೇಜನ್ನು ಕೆಳಕ್ಕೆ, ಸೊನ್ನೆಯತ್ತ ಎಳೆಯುತ್ತವೆ ಇಲ್ಲವೇ ಬಿಟ್ಟುಬಿಡುತ್ತವೆ. ಬಿಟ್ಟಾಗ ಅದನ್ನು 3.3 ವೋಲ್ಟಿಗೆ ಏರಿಸುವುದು ಪುಲ್-ಅಪ್ ಮಾತ್ರ. ಕೇಬಲ್‌ನ ಕೆಪ್ಯಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಹೆಚ್ಚಿದಷ್ಟೂ ಆ ಏರಿಕೆ ನಿಧಾನ. ಫಿಲಿಪ್ಸ್ ಕಂಪನಿ 1982ರಲ್ಲಿ ಇದನ್ನು ರೂಪಿಸಿದ್ದು ಒಂದೇ ಪೆಟ್ಟಿಗೆಯೊಳಗಿನ ಚಿಪ್‌ಗಳಿಗಾಗಿ. ಎಲ್ಲ ಚಿಪ್‌ಗಳು ಹಂಚಿಕೊಳ್ಳುವ ಈ ತಂತಿಗಳಿಗೆ, ಅಂದರೆ ಬಸ್ಸಿಗೆ, ಕೆಪ್ಯಾಸಿಟನ್ಸ್‌ನ ಒಟ್ಟು ಮಿತಿ 400 ಪಿಕೋಫ್ಯಾರಡ್.

ನಿಮ್ಮ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಹಿಡಿದರೂ, ಚಿಪ್‌ಗಳನ್ನು ಸೇರಿಸಿ 350ರ ಹತ್ತಿರ ಹೋಗುತ್ತದೆ. ಎರಡು ಮಾಡ್ಯೂಲುಗಳಲ್ಲೂ 10 ಕಿಲೋ ಓಮ್‌ನ ಪುಲ್-ಅಪ್ ಇದ್ದರೆ ಸಮಾಂತರದಲ್ಲಿ 5 ಕಿಲೋ. ಏರಿಕೆಯ ಸಮಯ 0.85 × 5000 × 350 ಪಿಕೋಫ್ಯಾರಡ್, ಅಂದರೆ ಸುಮಾರು 1500 ನ್ಯಾನೋಸೆಕೆಂಡ್. 100 ಕಿಲೋಹರ್ಟ್ಸ್‌ಗೆ ಇರುವ ಮಿತಿ 1000, 400 ಕಿಲೋಹರ್ಟ್ಸ್‌ಗೆ ಬರೀ 300. ಇಎಸ್‌ಪಿ32ರ ಒಳಗಿನ ಪುಲ್-ಅಪ್ ಸುಮಾರು 45 ಕಿಲೋ, ಅದನ್ನು ನಂಬಲೇಬೇಡಿ.

ಪವರ್ ತೆಗೆದು, 3.3 ವೋಲ್ಟ್ ಮತ್ತು ಎಸ್‌ಡಿಎ ನಡುವೆ ಮಲ್ಟಿಮೀಟರ್ ಹಿಡಿಯಿರಿ. 5 ಕಿಲೋ ತೋರಿಸಿದರೆ ಎಸ್‌ಡಿಎ, ಎಸ್‌ಸಿಎಲ್ ಎರಡಕ್ಕೂ ಒಂದೊಂದು 3.3 ಕಿಲೋ ಸೇರಿಸಿ. ಒಟ್ಟು 2 ಕಿಲೋ ಆಗಿ ಏರಿಕೆ 600 ನ್ಯಾನೋಸೆಕೆಂಡಿಗೆ ಇಳಿಯುತ್ತದೆ. 1 ಕಿಲೋಗಿಂತ ಕೆಳಗೆ ಹೋಗಬೇಡಿ: ಚಿಪ್‌ಗಳು ಎಳೆಯಬಲ್ಲವೆಂದು ಖಾತ್ರಿಯಿರುವುದು 3 ಮಿಲಿಆಂಪಿಯರ್ ಮಾತ್ರ. ವೇಗವನ್ನು 100 ಕಿಲೋಹರ್ಟ್ಸ್‌ನಲ್ಲೇ ಇಡಿ. ಇಲ್ಲಿ ಹಲವರು ಎಡವುತ್ತಾರೆ, ಏಕೆಂದರೆ ಕೆಲವು ಓಎಲ್‌ಇಡಿ ಲೈಬ್ರರಿಗಳು ಚಿತ್ರ ಕಳಿಸುವಾಗ ತಾವಾಗಿಯೇ 400ಕ್ಕೆ ಏರಿಸುತ್ತವೆ. ಅಲ್ಲೂ 100 ಎಂದೇ ಬರೆಯಿರಿ.

ರಿಬ್ಬನ್ ಬದಲು ಜೋಡಿಗಳಾಗಿ ಹೆಣೆದ ನೆಟ್‌ವರ್ಕ್ ಕೇಬಲ್ ಹಾಕಬಹುದು. ಎಸ್‌ಡಿಎ ಮತ್ತು ಎಸ್‌ಸಿಎಲ್ ಒಂದೇ ಹೆಣಿಗೆಯ ಜೋಡಿಯಲ್ಲಿ ಬೇಡ, ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡಿಯಾಗಿ ತಾಗುತ್ತದೆ. ಎಸ್‌ಡಿಎ ಜೊತೆ ಗ್ರೌಂಡ್, ಎಸ್‌ಸಿಎಲ್ ಜೊತೆ 3.3 ವೋಲ್ಟ್ ಹೆಣೆಯಿರಿ. ಸೆನ್ಸರ್ ತುದಿಯಲ್ಲಿ 100 ನ್ಯಾನೋಫ್ಯಾರಡ್, 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರುಗಳಿರಲಿ.

ರೀಸೆಟ್‌ಗೂ ಏಳದಿರಲು ಕಾರಣ ಬೇರೆ. ಬೈಟ್‌ನ ನಡುವೆ ಒಂದು ಕ್ಲಾಕ್ ತಪ್ಪಿದರೆ ಸೆನ್ಸರ್ ಎಸ್‌ಡಿಎಯನ್ನು ಕೆಳಗೇ ಹಿಡಿದು ಮುಂದಿನ ಕ್ಲಾಕ್‌ಗೆ ಕಾಯುತ್ತದೆ. ರೀಸೆಟ್ ಬಟನ್ ಇಎಸ್‌ಪಿ32ಕ್ಕೆ ಮಾತ್ರ, ಸೆನ್ಸರಿಗೆ ಗೊತ್ತೇ ಆಗುವುದಿಲ್ಲ. ಪ್ರೋಗ್ರಾಂ ಶುರುವಿನಲ್ಲಿ ಎಸ್‌ಡಿಎ ಕೆಳಗಿದ್ದರೆ, ಎಸ್‌ಸಿಎಲ್ ಮೇಲೆ 9 ಪಲ್ಸ್ ಕೊಟ್ಟು, ಆಮೇಲೆ ಮಾತು ಮುಗಿಯಿತೆಂದು ಹೇಳುವ ಸ್ಟಾಪ್ ಸಂಕೇತ ಕಳಿಸಿ. ಹತ್ತು ಮೀಟರ್ ಬೇಕೆಂದರೆ ಐ-ಟು-ಸಿಯನ್ನು ಬಿಟ್ಟು, ಉದ್ದ ತಂತಿಗೆಂದೇ ಇರುವ ಆರ್‌ಎಸ್-485 ಹಿಡಿಯುವುದೇ ಸರಿ.

ಪ್ರಶ್ನೆ: ಡಿಎಸ್3231 ಗಡಿಯಾರ, ಎಂಪಿಯು6050 ಚಲನೆ ಸೆನ್ಸರ್ ಎರಡನ್ನೂ ಹಾಕಿದರೆ, ಚಿಪ್‌ಗಳ ಐ-ಟು-ಸಿ ವಿಳಾಸ ಹುಡುಕುವ ಸ್ಕ್ಯಾನರ್ ಪ್ರೋಗ್ರಾಂನಲ್ಲಿ ಒಂದೇ ವಿಳಾಸ ಕಾಣುತ್ತದೆ.

ಉತ್ತರ: ಎರಡರದೂ ಹೆಕ್ಸ್ 68. ಗಡಿಯಾರದ್ದು ಬದಲಾಗದು. ಎಂಪಿಯು6050ರ ಎಡಿ0 ಪಿನ್ನನ್ನು 3.3 ವೋಲ್ಟಿಗೆ ಜೋಡಿಸಿದರೆ ಅದು 69 ಆಗುತ್ತದೆ, ಪ್ರೋಗ್ರಾಂನಲ್ಲೂ ತಿದ್ದಿ. ಜೊತೆಗೆ 57 ಕಂಡರೆ ಗಾಬರಿ ಬೇಡ, ಅದು ಗಡಿಯಾರದ ಮಾಡ್ಯೂಲಿನಲ್ಲೇ ಇರುವ ಮೆಮೊರಿ ಚಿಪ್.