ಬೇಸ್ ಕೋಟ್ ಅಡಿಯಿಂದ ಉಜ್ಜಿದ ಗೆರೆ ಎದ್ದು ಕಾಣುತ್ತಿದೆ, ಮೇಲೆ ಇನ್ನೊಂದು ಕೋಟ್ ಹೊಡೆಯಲಾ?

ಕಾರಿನ ಬಾಗಿಲಿನ ಡೆಂಟ್ ನೀವೇ ತೆಗೆದು, ಪುಟ್ಟಿ ಹಾಕಿ, ಪ್ರೈಮರ್ ಮಾಡಿ, ಸಿಲ್ವರ್ ಮೆಟಾಲಿಕ್ ಬೇಸ್ ಹೊಡೆದಿದ್ದೀರಿ. ಒಣಗಿದ ಮೇಲೆ ಉಜ್ಜುವ ಪೇಪರ್ ಬಿಟ್ಟ ಗೆರೆ ಕಾಣುತ್ತಿದೆ. ಇನ್ನೆರಡು ಕೋಟ್ ಬೇಸ್ ಹೊಡೆದರೆ ಮುಚ್ಚುತ್ತಾ, ಇಲ್ಲ ಕ್ಲಿಯರ್ (ಬಣ್ಣದ ಮೇಲೆ ಕೊನೆಗೆ ಹೊಡೆಯುವ ಪಾರದರ್ಶಕ ಹೊಳಪಿನ ಕೋಟ್) ಹಾಕಿದರೆ ಹೋಗುತ್ತಾ ಅಂತ ಕೇಳಿದ್ದೀರಿ. ಎರಡೂ ಬೇಡ. ಸ್ಪ್ರೇ ಗನ್ ಪಕ್ಕಕ್ಕಿಡಿ. ಕ್ಲಿಯರ್ ಹಾಕುವ ಮುಂಚೆ ಕೇಳಿದಿರಲ್ಲ, ಅರ್ಧ ಕೆಲಸ ತಪ್ಪಿತು.

ನಾನು ಹನ್ನೊಂದು ವರ್ಷದಿಂದ ಟಿಂಕರಿಂಗ್ ಮತ್ತು ಪೇಂಟಿಂಗ್ ಶೆಡ್‌ನಲ್ಲಿದ್ದೇನೆ. ಹೊಸದಾಗಿ ಕಲಿಯಲು ಬಂದವರಿಗೆ ಮೊದಲು ಹೇಳುವುದು ಇದನ್ನೇ: ಬೇಸ್ ಕೋಟ್ ಬರೀ ಬಣ್ಣ, ಅದು ಏನನ್ನೂ ತುಂಬುವುದಿಲ್ಲ. ಒಣಗಿದ ಮೇಲೆ ಅದರ ದಪ್ಪ ಸುಮಾರು 15ರಿಂದ 20 ಮೈಕ್ರಾನ್. ಉಜ್ಜುವ ಪೇಪರಿನ ನಂಬರ್ ಹೆಚ್ಚಿದಷ್ಟೂ ಅದರ ಕಾಳು ಸಣ್ಣದು: ಪಿ 320 ಪೇಪರಿನ ಒಂದು ಕಾಳು ಸರಾಸರಿ 46 ಮೈಕ್ರಾನ್, ಪಿ 600ರದ್ದು 26ರ ಹತ್ತಿರ. ಕಾಳು ಪೂರ್ತಿ ಒಳಗೆ ಇಳಿಯುವುದಿಲ್ಲ ನಿಜ. ಆದರೂ ಇಷ್ಟು ತೆಳು ಬಣ್ಣ ಆ ಗೆರೆಯ ಒಳಕ್ಕೂ ಹೋಗಿ ಹಾಗೇ ಕೂರುತ್ತದೆ, ಮಟ್ಟ ಮಾಡುವುದಿಲ್ಲ. ಬಿಳಿ ಬಣ್ಣವಾಗಿದ್ದರೆ ಸ್ವಲ್ಪ ಮಟ್ಟಿಗೆ ಕಣ್ಣಿಗೆ ಬೀಳುತ್ತಿರಲಿಲ್ಲ. ಸಿಲ್ವರ್‌ನಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಗೆರೆಯ ಅಂಚಿನಲ್ಲಿ ಅವು ಓರೆಯಾಗಿ ಕೂರುತ್ತವೆ, ಬೆಳಕನ್ನು ಬೇರೆ ಕಡೆಗೆ ಎಸೆಯುತ್ತವೆ. ಅದಕ್ಕೇ ಸಣ್ಣ ಗೆರೆಯೂ ಎದ್ದು ಕಾಣುತ್ತದೆ.

"ಪ್ರೈಮರ್ ಮೇಲೆ ಕೈಯಾಡಿಸಿದಾಗ ನುಣ್ಣಗಿತ್ತಲ್ಲ" ಅಂತ ಬರೆದಿದ್ದೀರಿ. ಇದ್ದಿರಬಹುದು. ಪ್ರೈಮರ್ ಒಳಗಿನವರೆಗೆ ಒಣಗಿರದಿದ್ದರೆ ಬೇಸ್‌ನಲ್ಲಿರುವ ಥಿನ್ನರ್ ಅದರೊಳಗೆ ಇಳಿಯುತ್ತದೆ. ಗೆರೆಯ ಅಂಚು ಊದುತ್ತದೆ, ಥಿನ್ನರ್ ಹಾರಿದ ಮೇಲೆ ಮತ್ತೆ ಕುಗ್ಗುತ್ತದೆ. ಸಣ್ಣ ಗೆರೆ ದೊಡ್ಡದಾಗುವುದು ಹೀಗೆ. ಹಳೇ ಪೇಂಟ್ ಮತ್ತು ಪುಟ್ಟಿ ಸೇರುವ ಅಂಚಿನಲ್ಲಿ ಇದು ಜಾಸ್ತಿ. ಬೇಸನ್ನು ಒಂದೇ ಸಲ ದಪ್ಪಗೆ, ಒದ್ದೆಯಾಗಿ ಹೊಡೆದರೆ ಇನ್ನೂ ಜಾಸ್ತಿ.

ನನ್ನ ಮೊದಲ ವರ್ಷ, ಮಳೆಗಾಲ. ಒಂದು ಸಿಲ್ವರ್ ಕಾರಿನ ಬಾನೆಟ್. ಸಂಜೆ ಪ್ರೈಮರ್ ಹೊಡೆದು ಬೆಳಿಗ್ಗೆಯೇ ಉಜ್ಜಿಬಿಟ್ಟೆ. ನೀರು ಹಿಡಿದ ಗಾಳಿ, ಅದು ಒಣಗಿರಲೇ ಇಲ್ಲ. ಕ್ಲಿಯರ್ ಮುಗಿದಾಗ ಕನ್ನಡಿ ಇದ್ದ ಹಾಗಿತ್ತು, ಗಾಡಿ ಕೊಟ್ಟು ಕಳಿಸಿದೆವು. ಮೂರು ವಾರಕ್ಕೆ ವಾಪಸ್ ಬಂತು. ಬಿಸಿಲಿನಲ್ಲಿ ಓರೆಯಾಗಿ ಬಗ್ಗಿ ನೋಡಿದರೆ ನೇಗಿಲು ಹೊಡೆದ ಸಾಲಿನಂತೆ ಗೆರೆಗಳು, ನನ್ನ ಮೂರು ಬೆರಳಿನ ಅಚ್ಚು ಬೇರೆ. ಪೇಪರ್ ಸುತ್ತಿ ಹಿಡಿಯುವ ಚಪ್ಪಟೆ ಬ್ಲಾಕ್ ಇಲ್ಲದೆ ಬರೀ ಕೈಯಲ್ಲಿ ಪೇಪರ್ ಹಿಡಿದು ಉಜ್ಜಿದ್ದೆ. ಪೂರ್ತಿ ಬಾನೆಟ್ ಮತ್ತೆ ಮಾಡಬೇಕಾಯಿತು.

ಈಗ ನಿಮ್ಮ ಬಾಗಿಲಿಗೆ ಬರೋಣ. ಬೇಸ್ ಒಂದು ರಾತ್ರಿ ಒಣಗಲಿ. ಆಮೇಲೆ ಗೆರೆಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ತಡೆಯದಿದ್ದರೆ ಮೆತ್ತನೆ ಬ್ಲಾಕ್‌ಗೆ ಪಿ 800 ವಾಟರ್ ಪೇಪರ್ ಸುತ್ತಿ, ನೀರು ಹಾಕಿಕೊಂಡು, ಭಾರ ಬಿಡದೆ ಉಜ್ಜಿ. ಪ್ರೈಮರ್ ಕಂಡರೂ ಹೆದರಬೇಡಿ. ಪುಟ್ಟಿ ಕಂಡರೆ ಮಾತ್ರ ನೀರು ನಿಲ್ಲಿಸಿ, ಪುಟ್ಟಿ ನೀರು ಕುಡಿಯುತ್ತದೆ. ಅಂಥ ಜಾಗಕ್ಕೆ ಮತ್ತೆ ಪ್ರೈಮರ್ ಬೇಕೇ ಬೇಕು.

ಉಗುರು ತಡೆದರೆ ಸುಮ್ನೆ ಮೇಲೆ ಮೇಲೆ ತಿಕ್ಕಿ ಪ್ರಯೋಜನವಿಲ್ಲ. ಆ ಜಾಗದ ಬೇಸನ್ನು ಪಿ 400ರಲ್ಲಿ ಪೂರ್ತಿ ತೆಗೆಯಿರಿ. ಬೇಸ್ ಉಳಿಸಿ ಅದರ ಮೇಲೇ ಪ್ರೈಮರ್ ಹೊಡೆದರೆ ಅಂಚು ಸುಕ್ಕುಗಟ್ಟುವ ಭಯ ಇರುತ್ತದೆ. ನಂತರ ಹಾರ್ಡ್ನರ್ ಸೇರಿಸುವ ಟೂ-ಕೆ ಸರ್ಫೇಸರ್, ಅಂದರೆ ಗೆರೆ ತುಂಬುವ ದಪ್ಪ ಪ್ರೈಮರ್, ಎರಡು ಮೂರು ಕೋಟ್, ನಡುವೆ ಬಿಡುವು ಕೊಟ್ಟು. ಇದರ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಶ್ವಾಸಕೋಶ ಹಾಳು ಮಾಡುತ್ತದೆ. ಮೂಗಿಗೆ ಕರ್ಚೀಫ್ ಸಾಲದು. ಪೇಂಟ್ ಹೊಡೆಯಲೆಂದೇ ಇರುವ ಸರಿಯಾದ ಮಾಸ್ಕ್ ಹಾಕಿಕೊಳ್ಳಿ, ಗಾಳಿ ಆಡುವ ಕಡೆ ಹೊಡೆಯಿರಿ. ಒಣಗಿಸಲು ಡಬ್ಬಿಯ ಮೇಲೆ ಬರೆದ ಸಮಯ ಪೂರ್ತಿ ಕೊಡಿ, ಮಳೆಗಾಲದಲ್ಲಿ ಅದಕ್ಕಿಂತ ಜಾಸ್ತಿ.

ಒಣಗಿದ ಸರ್ಫೇಸರ್ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ದೂಳು ಬಿದ್ದಷ್ಟು ಮಾತ್ರ ಹಾರಿಸಿ. ಇದು ಗೈಡ್ ಕೋಟ್. ಬ್ಲಾಕ್ ಹಿಡಿದು ಉಜ್ಜುತ್ತಾ ಹೋದಂತೆ ಮೇಲಿನ ಕಪ್ಪು ಹೋಗುತ್ತದೆ, ಗೆರೆಯೊಳಗಿನದ್ದು ಉಳಿಯುತ್ತದೆ. ಕಪ್ಪು ಉಳಿದ ಕಡೆ ಗೆರೆ ಇದೆ ಅಂತ ಅರ್ಥ. ಮೊದಲು ಪಿ 400, ಆಮೇಲೆ 600, ಕೊನೆಗೆ 800. ಮಧ್ಯದ್ದನ್ನು ಹಾರಿಸಬೇಡಿ. 180ರ ಗೆರೆಯನ್ನು 600 ತೆಗೆಯುವುದಿಲ್ಲ, ಅದರ ತಲೆಯನ್ನಷ್ಟೇ ಸವೆಸುತ್ತದೆ. ಪ್ರತಿ ಪೇಪರಿಗೂ ಉಜ್ಜುವ ದಿಕ್ಕು ಬದಲಾಯಿಸಿ, ಹಳೇ ಗೆರೆ ಹೋಯಿತೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಪೇಪರ್ ಕೊಳ್ಳುವಾಗ ಹಿಂದೆ ಪಿ ಅಕ್ಷರ ಇದೆಯಾ ನೋಡಿ. ಅಮೆರಿಕದ ಅಳತೆಯಲ್ಲಿ ಪಿ ಇರುವುದಿಲ್ಲ, ಆ 400 ಹೆಚ್ಚು ಕಡಿಮೆ ಪಿ 800ಕ್ಕೆ ಸಮ.

ಇನ್ನೊಂದು ವಿಷಯ, ಇದನ್ನು ತುಂಬಾ ಜನ ತಪ್ಪು ಮಾಡುತ್ತಾರೆ. ಉಜ್ಜಿದ ಸಿಲ್ವರ್ ಮೇಲೆ ನೇರವಾಗಿ ಕ್ಲಿಯರ್ ಹಾಕಬೇಡಿ. ಕಿತ್ತುಹೋದ ಚೂರುಗಳ ಕಲೆ ಕ್ಲಿಯರ್ ಒಳಗೆ ಹಾಗೇ ಉಳಿಯುತ್ತದೆ. ಮತ್ತೆ ಬೇಸ್ ಹೊಡೆಯಲೇಬೇಕು, ತೆಳು ತೆಳುವಾಗಿ, ಪ್ರತಿ ಕೋಟ್‌ನ ಹೊಳಪು ಹೋಗಿ ಮಂಕಾಗುವವರೆಗೆ ಕಾದು. ಕೊನೆಯದನ್ನು ಗನ್ ಸ್ವಲ್ಪ ದೂರ ಹಿಡಿದು, ಗಾಳಿ ಕಡಿಮೆ ಮಾಡಿ ಹೊಡೆದರೆ ಚೂರುಗಳು ಒಂದೇ ಸಮನೆ ಕೂರುತ್ತವೆ.

ಆ ಬೇಸ್‌ಗೆ ಮುಂಚೆ ನಮ್ಮ ಮೇಸ್ತ್ರಿ ಕಲಿಸಿದ ಒಂದು ಪರೀಕ್ಷೆ ಮಾಡಿ. ಉಜ್ಜಿ ಮುಗಿದ ಪ್ರೈಮರ್ ಮೇಲೆ ಒಂದು ಮಗ್ ನೀರು ಸುರಿದು, ಅದು ಇಳಿಯುತ್ತಿರುವಾಗಲೇ ಟ್ಯೂಬ್‌ಲೈಟ್ ಎದುರು ಓರೆಯಾಗಿ ಬಗ್ಗಿ ನೋಡಿ. ಒದ್ದೆ ಮೈ ಕ್ಲಿಯರ್ ಹಾಕಿದ ಹಾಗೇ ಹೊಳೆಯುತ್ತದೆ, ಗೆರೆ ಉಳಿದಿದ್ದರೆ ಆಗಲೇ ಕಾಣಿಸುತ್ತದೆ. ಕಂಡರೆ ಮತ್ತೆ ಬ್ಲಾಕ್ ಹಿಡಿಯಿರಿ. ಕಾಣದಿದ್ದರೆ ಚೆನ್ನಾಗಿ ಒರೆಸಿ, ಅಂಚಿನ ಸಂದಿನ ನೀರೂ ಒಣಗಿದ ಮೇಲೆ ಸಿಲ್ವರ್ ಕಲಸಿ.