ತಂದೆ-ತಾಯಿಯಿಂದ ಕಾನೂನಿನ ಬಿಡುಗಡೆ ಸಾಧ್ಯವೇ?

ಪ್ರಶ್ನೆ: ನನಗೆ 16 ವರ್ಷ. ಮುಧೋಳ ತಾಲ್ಲೂಕಿನ ಹಳ್ಳಿಯವಳು. ಮೊದಲ ಪಿಯುಸಿ ಮುಗಿಯುತ್ತಲೇ ಅಪ್ಪ ಕಾಲೇಜು ಬಿಡಿಸಿದರು. ಕಬ್ಬಿನ ಹಂಗಾಮು ಮುಗಿದ ಕೂಡಲೇ ಸೋದರಮಾವನೊಂದಿಗೆ ಮದುವೆ ಎನ್ನುತ್ತಿದ್ದಾರೆ. ಒಲ್ಲೆ ಎಂದದ್ದಕ್ಕೆ ಹೊಡೆದರು. ಅಮೆರಿಕದಲ್ಲಿ ನನ್ನ ವಯಸ್ಸಿನವರು ಕೋರ್ಟಿಗೆ ಹೋಗಿ ತಂದೆ-ತಾಯಿಯಿಂದ ಬಿಡುಗಡೆ ಪಡೆಯುತ್ತಾರಂತೆ. ನನಗೂ ಸಾಧ್ಯವೇ? ಬಾಗಲಕೋಟೆಯಲ್ಲಿರುವ ಚಿಕ್ಕಮ್ಮ ನನ್ನನ್ನು ಇಟ್ಟುಕೊಂಡು ಓದಿಸಲು ಸಿದ್ಧರಿದ್ದಾರೆ.
– ಹೆಸರು ಬೇಡ

ಉತ್ತರ: ತಂಗೀ, ನೀನು ಕೇಳಿದ ಬಿಡುಗಡೆ ನಮ್ಮ ಕಾನೂನಿನಲ್ಲಿ ಇಲ್ಲ. 1875ರ ವಯಸ್ಕತನ ಕಾಯ್ದೆಯಂತೆ 18 ತುಂಬಿದ ದಿನವೇ ನೀನು ವಯಸ್ಕಳಾಗುವುದು; ಯಾವ ನ್ಯಾಯಾಲಯವೂ ಅದನ್ನು ಮುಂಚಿತವಾಗಿ ಕೊಡಲಾರದು. ಕ್ಯಾಲಿಫೋರ್ನಿಯದಲ್ಲಿ 14 ದಾಟಿದವರು ಅರ್ಜಿ ಹಾಕಬಹುದು ನಿಜ, ಆದರೆ ಅವರು ಹೆತ್ತವರ ಸಮ್ಮತಿಯಿಂದ ಬೇರೆ ವಾಸವಿದ್ದು, ತಮ್ಮ ಹಣಕಾಸನ್ನು ತಾವೇ ನಿಭಾಯಿಸುತ್ತಿರಬೇಕು. ಬಿಡುಗಡೆಯಾದ ಮೇಲೆ ಹೆತ್ತವರಿಗೆ ಸಾಕುವ ಹೊಣೆಯೂ ಇರುವುದಿಲ್ಲ. ಸಂಪಾದನೆಯಿಲ್ಲದ, ಇನ್ನೂ ಓದಬೇಕಾದ ನಿನಗೆ ಅಂಥ ಬಿಡುಗಡೆ ಸಿಕ್ಕರೆ ಕಳೆದುಕೊಳ್ಳುವವಳು ನೀನೇ. ಇಲ್ಲಿ ಅಪ್ಪನ ಮನೆಯಿಂದ ದೂರವಿದ್ದರೂ ನಿನ್ನ ಜೀವನಾಂಶದ ಹಕ್ಕು ಉಳಿಯುತ್ತದೆ. ಹಿಂದೂ ಕುಟುಂಬವಾದರೆ, ಸ್ವಂತ ಆದಾಯವಿಲ್ಲದ ಅವಿವಾಹಿತ ಮಗಳಿಗೆ 18ರ ನಂತರವೂ ಅದು ಇರುತ್ತದೆ, ಪಿತ್ರಾರ್ಜಿತ ಹೊಲದಲ್ಲಿ ಹುಟ್ಟಿನಿಂದ ಬಂದ ಪಾಲೂ ಮನೆ ಬಿಟ್ಟ ಮಾತ್ರಕ್ಕೆ ಹೋಗುವುದಿಲ್ಲ.

ನಿನಗೆ ಈಗ ಬೇಕಾದದ್ದು ರಕ್ಷಣೆ, ಅದು ಕಾನೂನಿನಲ್ಲಿ ಗಟ್ಟಿಯಾಗಿಯೇ ಇದೆ. 2015ರ ಬಾಲನ್ಯಾಯ ಕಾಯ್ದೆಯು ವಯಸ್ಸಿಗೆ ಮುನ್ನವೇ ಮದುವೆಯಾಗುವ ಅಪಾಯದಲ್ಲಿರುವ ಮಗುವನ್ನು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು ಎಂದೇ ಗುರುತಿಸುತ್ತದೆ. ಅಂಥ ಮಗು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಾನೇ ಹೋಗಿ ನಿಲ್ಲಬಹುದು. ಹಿರಿಯರ ಅನುಮತಿ ಬೇಕಿಲ್ಲ. ಸಮಿತಿಯು ವಿಚಾರಣೆ ನಡೆಸಿ, ನಿನ್ನ ಮಾತನ್ನೂ ಕೇಳಿ, ಬಾಲಮಂದಿರದಲ್ಲಿಯೋ ಯೋಗ್ಯರೆಂದು ಕಂಡ ಬಂಧುಗಳಲ್ಲಿಯೋ ನಿನ್ನನ್ನು ಇರಿಸಬಹುದು. ಚಿಕ್ಕಮ್ಮನ ಮನೆಗೆ ನೀನು ಹೋಗಬೇಕಾದ ದಾರಿ ಇದೇ. ಹೇಳದೆ ಕೇಳದೆ ಬಸ್ಸು ಹತ್ತಿ ಅವರಲ್ಲಿಗೆ ಹೋದರೆ, ಅಪ್ರಾಪ್ತಳನ್ನು ಪಾಲಕರಿಂದ ಅಪಹರಿಸಿದರೆಂಬ ದೂರು ಆ ಚಿಕ್ಕಮ್ಮನ ಮೇಲೆಯೇ ದಾಖಲಾಗಬಹುದು. ನಿನಗೆ ಆಸರೆ ಕೊಡಬಲ್ಲ ಒಬ್ಬರನ್ನು ಆ ಸಂಕಟಕ್ಕೆ ದೂಡಬೇಡ. ಮುಂದೆ ಅವರು 1890ರ ಪಾಲಕರ ಕಾಯ್ದೆಯಡಿ ನಿನ್ನ ಪಾಲಕತ್ವಕ್ಕಾಗಿ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ತಿಳಿವಳಿಕೆ ಬಂದ ವಯಸ್ಸಿನ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಪರಿಗಣಿಸಬಹುದೆಂದು ಆ ಕಾಯ್ದೆಯೇ ಹೇಳುತ್ತದೆ.

ಮದುವೆಯ ಮಾತಿಗೆ ಬಂದರೆ, ಕರ್ನಾಟಕದ ತಿದ್ದುಪಡಿಯ ನಂತರ ಇಲ್ಲಿ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಆದರೂ ತಾಳಿ ಬೀಳುವವರೆಗೆ ಕಾಯಬೇಡ. ಮದುವೆ ನಡೆಯದಂತೆ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ಇದಕ್ಕೆ ನಿನ್ನ ಕೈಯಿಂದ ಹಣ ಬೇಕಿಲ್ಲ, ಮಕ್ಕಳಿಗೂ ಮಹಿಳೆಯರಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ಅಪ್ಪ-ಅವ್ವನ ಮೇಲೆ ದೂರು ಕೊಟ್ಟಂತಾಗುತ್ತದೆಂಬ ಅಳುಕು ನಿನ್ನಲ್ಲಿರಬಹುದು. ಸಮಿತಿ ಮೊದಲು ಅವರನ್ನು ಕರೆದು ತಿಳಿಹೇಳುವ ಪ್ರಯತ್ನವನ್ನೂ ಮಾಡುತ್ತದೆ, ಮದುವೆ ಬಿಟ್ಟು ಕಾಲೇಜಿಗೆ ಕಳಿಸಲು ಒಪ್ಪಿ ಮುಚ್ಚಳಿಕೆ ಬರೆದುಕೊಡುವ ಅವಕಾಶ ಅವರಿಗೂ ಇರುತ್ತದೆ. ಆದರೆ ಹೊಡೆತವನ್ನು ಮಾತ್ರ ಮುಚ್ಚಿಡಬೇಡ.

ಇಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು. ಮನೆಯ ಫೋನು ಕಷ್ಟವಾದರೆ ನಿನ್ನ ಹಳೆಯ ಉಪನ್ಯಾಸಕರಿಂದಲೋ ಅಂಗನವಾಡಿ ಕಾರ್ಯಕರ್ತೆಯಿಂದಲೋ ಮಾಡಿಸು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಿನ್ನ ವಯಸ್ಸಿಗೆ ದಾಖಲೆ, ಸಿಕ್ಕರೆ ಜೊತೆಗಿಟ್ಟುಕೋ. ಅಪ್ಪನ ಪೆಟ್ಟಿಗೆಯಲ್ಲಿದ್ದು ಕೈಗೆ ಬಾರದಿದ್ದರೆ ಅದಕ್ಕಾಗಿ ತಡಮಾಡದೆ ಹೊರಡು. ಶಾಲೆಯಿಂದ ಅದನ್ನು ತರಿಸಿಕೊಳ್ಳಬಹುದು.